ಆಟದ ಪತ್ರಿಕೆಗಳಲ್ಲಿ ಎಲೆನ್ ಟೆರಿಯ ಬಾಲ್ಯ

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ರಂಗಭೂಮಿಯ ಮೇಲೆ ಎಲೆನ್ ಟೆರಿ ಎಂಬ ನಟಿಯಷ್ಟು ಜನರ ಪ್ರೀತಿಗೆ ಪಾತ್ರಳಾದ ಸ್ತ್ರೀಯರು ಬಹಳ ವಿರಳ. ಆಕೆಯು 1878ನೆಯ ಇಸವಿಯ ಕೊನೆಯಿಂದ 1902ನೆಯ ಇಸವಿಯವರೆಗೆ ಲಂಡನ್ ಪಟ್ಟಣದ ಲೈಸಿಯಮ್ ನಾಟಕಶಾಲೆಯಲ್ಲಿ ಹೆನ್ರಿ ಇರ್ವಿಂಗ್ ಎಂಬ ನಟಶ್ರೇಷ್ಠನ ಜೊತೆಗೂಡಿ ಷೇಕ್ಸ್‌ಪಿಯರ್ ಮಹಾಕವಿಯ ನಾಯಿಕೆಯರನ್ನು ಅಭಿನಯಿಸಿದ ವೃತ್ತಾಂತವನ್ನು ಅನೇಕರು ಬರೆದಿದ್ದಾರೆ. ಆ ಕೀರ್ತಿಯ ದಿನಗಳ ವಿಷಯವನ್ನು ನಾವು ಇಲ್ಲಿ ವಿಸ್ತರಿಸಹೊರಟಿಲ್ಲ. ಆಕೆಯು ಒಂಬತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಮೊದಲುಗೊಂಡು ಮಾಡಿದ ಚಿಕ್ಕ ಪುಟ್ಟ ಪಾತ್ರಗಳನ್ನೂ, ಆ ಪಾತ್ರಗಳ ಗುರುತನ್ನು ಉಳಿಸಿಕೊಂಡು ಬಂದಿರುವ ಹಳೆಯ ಆಟದ ಪತ್ರಿಕೆಗಳನ್ನೂ ಕುರಿತು ಹೇಳುವುದೇ ನಮ್ಮ ಉದ್ದೇಶ. ಚಿತ್ರಕಾರನು ಗತಿಸಿದ ಮೇಲೂ ಅವನು ಬರೆದ ಪಟವು ಗೋಡೆಯ ಮೇಲಿರುತ್ತದೆ. ಕವಿಯು ಗತಿಸಿದರೂ ಅವನ ಗ್ರಂಥವು ನಮ್ಮ ಕೈಗೆ ಸಿಕ್ಕುತ್ತದೆ. ಚಲನಚಿತ್ರವಿಲ್ಲದ ಆ ಕಾಲದಲ್ಲಿ ನಟಿಯ ಕೃತಿಯಾದರೋ ದೀಪಗಳನ್ನು ಆರಿಸಿದೊಡನೆ ಮುಗಿದುಹೋಗುತ್ತಿದ್ದಿತು. ಮಾರನೆಯ ದಿನ ಉಳಿಯುತ್ತಿದ್ದುದು ನೆಲದ ಮೇಲೆ ಬಿದ್ದಿದ್ದ ಒಂದು ತೆಳುವಾದ ಕಾಗದ ಮಾತ್ರ.

ಆ ಕಾಗದವು ಎಂಥದೆಂಬುದನ್ನು ಮೊದಲು ತಿಳಿಸಬೇಕು. ನಮ್ಮ ನಾಡಿನ ನಾಟಕ ಕಂಪನಿಯವರು ಊರಿಗೆ ಬಂದಾಗ ವಾದ್ಯದೊಡನೆ ಬೀದಿ ಬೀದಿಯಲ್ಲಿ ಹಂಚಿಸುತ್ತಿದ್ದ ಹಸ್ತಪತ್ರಿಕೆಗಳ ಸಂಗತಿಯನ್ನು ನಮ್ಮ ವಿದ್ಯಾರ್ಥಿನಿಯರು ಮನೆಯ ಹಿರಿಯರಿಂದ ಕೇಳಿರಬಹುದು. ಇಂಗ್ಲೆಂಡಿನಲ್ಲಿ ಇಂಥದಕ್ಕೆ ಪ್ಲೇಬಿಲ್ಲು ಎಂದು ಹೆಸರು. ಉದ್ದವಾಗಿಯೂ ಅಗಲ ಕಡಮೆಯಾಗಿಯೂ ಇರುವ ಹಾಳೆ. ನಾಟಕಶಾಲೆಯ ಹೆಸರು, ದಿನ, ಆ ರಾತ್ರಿ ಆಡತಕ್ಕ ಎರಡು ಮೂರು ಆಟಗಳ ಹೆಸರು, ಪಾತ್ರಗಳು, ಪಾತ್ರಧಾರಿಗಳು, ಕುಳಿತುಕೊಳ್ಳುವ ಸ್ಥಳಗಳ ದರ, ಇಷ್ಟನ್ನು ಒತ್ತೊತ್ತಾಗಿ ಅದರಲ್ಲಿ ಅಚ್ಚುಮಾಡುತ್ತಿದ್ದರು. ನಾಟಕಶಾಲೆಯ ಬಾಗಿಲ ಹೊರಗೆ ಕಿತ್ತಳೆಹಣ್ಣು ಮಾರುವ ಹೆಂಗಸರೇ ಇದನ್ನೂ ಮಾರುತ್ತಿದ್ದರು. ಮಸಿಯು ಚೆನ್ನಾಗಿ ಆರದೆ ಇರುತ್ತಿದ್ದುದರಿಂದ ದೊಡ್ಡ ಮನುಷ್ಯರ ಬಿಳಿಯ ಕೈಚೀಲಗಳು ಕಪ್ಪಾಗುವುದು ಅಂದಿನವರ ನಿತ್ಯದ ದೂರಾಗಿದ್ದಿತು. 1860ರ ದಶಕದಲ್ಲಿ ರಿಮ್ಮೆಲ್ ಎಂಬ ಸುಗಂಧದ್ರವ್ಯದ ವ್ಯಾಪಾರಿಯು ಪರಿಮಳವನ್ನು ಹಚ್ಚಿದ, ಮಡಿಸಿದ ಪ್ರೋಗ್ರಾಮುಗಳನ್ನು ಬಳಕೆಗೆ ತಂದ ಮೇಲೆ ಈ ತೊಂದರೆಯು ಕಡಮೆಯಾಯಿತು. ರಾಜರಾಣಿಯರು ಬರುವ ವಿಶೇಷ ರಾತ್ರಿಗಳಿಗೆ ಮಾತ್ರ ಪತ್ರಿಕೆಯನ್ನು ರೇಷ್ಮೆಯ ಬಟ್ಟೆಯ ಮೇಲೆ ಒತ್ತುವ ಪದ್ಧತಿಯೂ ಉಂಟು. ರೇಷ್ಮೆಯದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡವರು ಅನೇಕರು; ಕಾಗದದ್ದನ್ನು ಇಟ್ಟುಕೊಂಡವರು ಕೆಲವರು.

ಎಲೆನ್ ಟೆರಿಯು ಕವೆಂಟ್ರಿ ಎಂಬ ಪಟ್ಟಣದಲ್ಲಿ ಹುಟ್ಟಿದಳು. ತಂದೆಯಾದ ಬೆಂಜಮಿನ್ ಟೆರಿಯೂ ತಾಯಿಯಾದ ಸಾರಾ ಎಂಬಾಕೆಯೂ ಊರಿಂದೂರಿಗೆ ಸಂಚರಿಸಿ ಆಟವಾಡಿ ಜೀವಿಸುವವರು. ಅವರ ಹನ್ನೊಂದು ಮಕ್ಕಳಲ್ಲಿ ಕೇಟ್, ಎಲೆನ್, ಮೇರಿಯನ್, ಫ್ಲಾರೆನ್ಸ್ ಎಂಬ ಹೆಣ್ಣುಮಕ್ಕಳೂ ಫ್ರೆಡ್ ಎಂಬ ಗಂಡುಮಗನೂ ರಂಗಭೂಮಿಯನ್ನೇ ಸೇರಿದರು. ತಾಯಿಯು ರಂಗದ ಮೇಲೆ ತನ್ನ ಸ್ವಂತ ಹೆಸರನ್ನು ಇಟ್ಟುಕೊಳ್ಳಲಿಲ್ಲ. ಟೆರಿ ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಕೊನೆಯಿಂದ ಮೊದಲಿಗೆ ಓದಿದರೆ ಯೆರೆಟ್ ಎಂದಾಗುತ್ತದೆ. ಪತ್ರಿಕೆಗಳಲ್ಲಿ ಆಕೆಯು ಮಿಸ್ ಯೆರೆಟ್ ಆದಳು. ಇದನ್ನು ಅರಿಯದವನು ಆ ಕುಟುಂಬದ ಕಾಗದಗಳನ್ನು ಹುಡುಕಹೋದರೆ ತಾಯಿಯನ್ನು ಕಣ್ಣೆದುರಿಗಿದ್ದರೂ ಕಾಣದೆ ದಾಟಿಹೋಗುವನು.

ಎಲೆನಳ ಜನನದ ವಿಷಯದಲ್ಲಿ ಎರಡು ವಿವಾದಗಳುಂಟು. ಕವೆಂಟ್ರಿಯ ಒಂದೇ ಬೀದಿಯಲ್ಲಿ ಎರಡು ಮನೆಗಳವರು ಆಕೆಯು ತಮ್ಮಲ್ಲಿಯೇ ಹುಟ್ಟಿದಳೆಂದು ಹೇಳಿಕೊಳ್ಳುತ್ತಿದ್ದರು. ಇದು ವಿನೋದದ ಮಾತು. ಎರಡನೆಯದು ಇಸವಿಯ ಸಂಗತಿ. ಆಕೆಯು ತಾನು 1848ನೆಯ ಇಸವಿ ಫೆಬ್ರವರಿ 27ನೆಯ ತಾರೀಖು ಹುಟ್ಟಿದವಳೆಂದು ತಿಳಿದಿದ್ದಳು. ಹಾಗೆಯೇ ಗ್ರಂಥಗಳಲ್ಲಿಯೂ ಬಹುಕಾಲ ಅಚ್ಚಾಗುತ್ತ ಬಂದಿತು. ಜನನದ ದಾಖಲೆಯಲ್ಲಿರುವುದು 1847ನೆಯ ಇಸವಿ. ತನ್ನ ವಯಸ್ಸನ್ನು ಮರೆಮಾಡಬೇಕೆಂಬ ಇಚ್ಛೆಯಿಂದ ಆಕೆಯು ಹೀಗೆ ಮಾಡಿದಳೆಂದು ನಮಗೆ ತೋರುವುದಿಲ್ಲ. ಮನೆ ತುಂಬ ಮಕ್ಕಳು, ತಿಂಗಳಿಗೊಂದು ಊರು. ಒಂದು ವರ್ಷದ ಲೆಕ್ಕವು ತಪ್ಪಿಹೋಗುವುದು ಆಶ್ಚರ್ಯವಲ್ಲ.

ಆಕೆಯು ಶಾಲೆಯ ಮೆಟ್ಟಿಲನ್ನು ಹತ್ತಿದವಳೇ ಅಲ್ಲ. ತಂದೆತಾಯಿಗಳು ವಸತಿಯ ಕೋಣೆಗಳಲ್ಲಿ ಓದು ಬರಹಗಳನ್ನು ಕಲಿಸಿದರು. ಶಬ್ದಗಳನ್ನು ಸ್ಪಷ್ಟವಾಗಿ ಉಚ್ಚರಿಸುವ ಕ್ರಮವನ್ನು ತಂದೆಯು ಬಹಳ ಕಟ್ಟುನಿಟ್ಟಾಗಿ ಅಭ್ಯಾಸಮಾಡಿಸಿದನು. ಆಕೆಯನ್ನು ಮೊಟ್ಟಮೊದಲು ರಂಗದ ಮೇಲೆ ತರುವ ಪ್ರಯತ್ನವು ಗ್ಲಾಸ್ಗೋ ಪಟ್ಟಣದಲ್ಲಿ ನಡೆಯಿತು. ಮಕ್ಕಳ ಆಟವೊಂದರಲ್ಲಿ ಸಾಸಿವೆಯ ಡಬ್ಬಿಯೊಳಗಿನ ದೇವತೆಯಾಗಿ ಈ ಚಿಕ್ಕ ಹುಡುಗಿಯನ್ನು ಡಬ್ಬಿಯಲ್ಲಿ ಕೂಡಿಸಲು ಹೋದಾಗ, ಆಕೆಯು ಕಿರುಚಾಡಿ ಅತ್ತು ರಂಪಮಾಡಿದಳು. ಇವಳು ಎಂದಿಗೂ ನಟಿಯಾಗಲಾರಳೆಂದು ತಂದೆಯು ಸಿಟ್ಟಿನಿಂದ ನುಡಿದನಂತೆ. ಆ ಸಾಸಿವೆಯ ದೇವತೆಯ ಹೆಸರನ್ನು ಆಟದ ಪತ್ರಿಕೆಯಲ್ಲಿ ಹುಡುಕಿ ಪ್ರಯೋಜನವಿಲ್ಲ.

ಆಕೆಯ ನಿಜವಾದ ಪ್ರಾರಂಭವು 1856ನೆಯ ಇಸವಿ ಏಪ್ರಿಲ್ 28ನೆಯ ತಾರೀಖು ಸೋಮವಾರ ರಾತ್ರಿ. ಸ್ಥಳವು ಲಂಡನಿನ ಆಕ್ಸ್‌ಫರ್ಡ್ ಬೀದಿಯಲ್ಲಿದ್ದ ಪ್ರಿನ್ಸೆಸ್ ನಾಟಕಶಾಲೆ. ಆಟವು ಷೇಕ್ಸ್‌ಪಿಯರನ ಚಳಿಗಾಲದ ಕಥೆ. ವಿಕ್ಟೋರಿಯಾ ರಾಣಿಯವರು ಪತಿಯೊಡನೆಯೂ ಹಿರಿಯ ಮಗಳೊಡನೆಯೂ ಆ ರಾತ್ರಿ ದಯಮಾಡಿಸಿದ್ದರು. ನಾಟಕಶಾಲೆಯ ಯಜಮಾನನಾದ ಚಾರ್ಲ್ಸ್ ಕೀನ್ ಎಂಬಾತನು ತನ್ನ ಹೆಂಡತಿಯೊಡನೆ ರಾಜನ ಮತ್ತು ರಾಣಿಯ ಪಾತ್ರಗಳನ್ನು ವಹಿಸಿದ್ದನು. ಅವರ ಮಗನಾದ ಮಮೀಲಿಯಸ್ ಎಂಬ ಬಾಲರಾಜಕುಮಾರನ ಎದುರಿಗೆ ಮಿಸ್ ಎಲೆನ್ ಟೆರಿ ಎಂಬ ಹೆಸರು ಅಚ್ಚಾಗಿತ್ತು. ಆಕೆಯ ಜೀವನವನ್ನು ಕಾಗದದ ಮೇಲೆ ಹಿಂಬಾಲಿಸುವವರಿಗೆ ಈ ಹಾಳೆಯೇ ಮೊದಲನೆಯ ಮೈಲಿಗಲ್ಲು.

ಕೀನ್ ಸಾಹೇಬನು ಬಹಳ ಪಾಂಡಿತ್ಯಪ್ರಿಯನು. ಹಳೆಯ ಕಾಲದ ಆಟವನ್ನು ಆಡಿಸಬೇಕಾದರೆ ಆ ಕಾಲದ ಉಡುಪು, ಪಾತ್ರೆ, ಕಟ್ಟಡ ಎಲ್ಲವೂ ಶಾಸ್ತ್ರಪ್ರಕಾರವಾಗಿಯೇ ಇರಬೇಕೆಂದು ಹಟಹಿಡಿಯುವನು. ತಾನು ಆಧಾರವಾಗಿ ಹಿಡಿದ ಗ್ರಂಥಗಳನ್ನೂ ಚರಿತ್ರೆಯ ಸಂಗತಿಗಳನ್ನೂ ಆಟದ ಪತ್ರಿಕೆಗೇ ಲಗತ್ತಿಸಿ ಅಚ್ಚುಹಾಕಿಸುತ್ತಿದ್ದನು. ಆಟವನ್ನು ನೋಡಲು ಬಂದವನಿಗೆ ಪಾಠವನ್ನು ಓದಿಸುವನೆಂದು ಅಂದಿನ ವಿನೋದಗಾರರು ನಗುತ್ತಿದ್ದರು. ಷೇಕ್ಸ್‌ಪಿಯರನು ಬೊಹೀಮಿಯ ಎಂದು ಬರೆದದ್ದನ್ನು ಈತನು ಬಿಥಿನಿಯ ಎಂದು ತಿದ್ದಿಬಿಟ್ಟನು. ಬಾಲರಾಜಕುಮಾರನು ಎಳೆಯುವ ಆಟದ ಬಂಡಿಯನ್ನು ಸಹ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಗ್ರೀಕರ ಬಂಡಿಯ ಮಾದರಿಯಲ್ಲಿ ಮಾಡಿಸಿದ್ದನು. ಆ ಬಂಡಿಯೇ ಹುಡುಗಿಗೆ ಕಂಟಕವಾಯಿತು. ಹೋಗಿ ಆಡಿಕೋ ಎಂದು ರಾಜನು ಹೇಳಿದೊಡನೆ ಆಕೆಯು ಅತ್ಯುತ್ಸಾಹದಿಂದ ಓಡಿ, ಬಂಡಿಯ ಹಿಡಿಯನ್ನು ಎಡವಿ ಅಂಗಾತ ಬಿದ್ದಳು. ಸಭೆಯಲ್ಲಿ ನಗೆಯ ಅಲೆಯೆದ್ದಿತು. ತನ್ನ ನಟನೆಯ ಬಾಳು ಅಲ್ಲಿಗೇ ಮುಗಿಯಿತೆಂದು ತಿಳಿದು ಹುಡುಗಿಯು ಬಿಕ್ಕಿ ಬಿಕ್ಕಿ ಅತ್ತಳು. ಅಂದಿನ ಪತ್ರಿಕೆಯನ್ನು ನೋಡಿದರೆ ಇದೊಂದೂ ತಿಳಿಯದು. ಆಟದ ಪತ್ರಿಕೆಯು ಆಗಬೇಕಾದದ್ದನ್ನು ಮುಂಚಿತವಾಗಿ ಹೇಳುವುದೇ ಹೊರತು ಆದದ್ದಕ್ಕೆ ಸಾಕ್ಷಿಯಲ್ಲ. ಹೆಸರು ಅಚ್ಚಾದವಳಿಗೆ ಜ್ವರ ಬಂದು ಬೇರೊಬ್ಬಳು ಆಡಿದರೂ ಕಾಗದವು ಮೊದಲಿನವಳನ್ನೇ ಹೇಳುತ್ತಿರುವುದು. ಹಳೆಯ ಪತ್ರಿಕೆಗಳನ್ನು ಕೂಡಿಸುವವರು ಈ ಒಂದು ಮಾತನ್ನು ಮರೆಯದಿದ್ದರೆ ಅವರ ಅರ್ಧ ಸಂಶಯಗಳು ತಾವಾಗಿಯೇ ಪರಿಹಾರವಾಗುವುವು.

ಈ ಸಂಗತಿಯಲ್ಲಿ ಮಾತ್ರ ಅಂಥ ಸಂಶಯಕ್ಕೆ ಎಡೆಯಿಲ್ಲ. ಆಟವು 102 ರಾತ್ರಿಗಳು ನಡೆಯಿತು. ತಾನು ಒಂದು ರಾತ್ರಿಯನ್ನೂ ತಪ್ಪಿಸಲಿಲ್ಲವೆಂದೂ, ತನ್ನ ಬದಲಿಗೆ ಸಿದ್ಧಳಾಗಿದ್ದ ಹುಡುಗಿಗೆ ಅವಕಾಶವೇ ಸಿಕ್ಕಲಿಲ್ಲವೆಂದೂ ಆಕೆಯು 1908ರಲ್ಲಿ ಪ್ರಕಟವಾದ ತನ್ನ ಜೀವನಕಥೆಯಲ್ಲಿ ಬರೆದಿದ್ದಾಳೆ. ಕೆಂಪು ಮತ್ತು ಬೆಳ್ಳಿಯ ಬಣ್ಣದ ಉಡುಪನ್ನು ತೊಟ್ಟು ಬಂಡಿಯನ್ನು ಹಿಡಿದು ಕೀನನ ಜೊತೆಯಲ್ಲಿ ನಿಂತ ಆಕೆಯ ಛಾಯಾಚಿತ್ರವನ್ನು ಲಾರೋಶ್ ಎಂಬ ಛಾಯಾಗ್ರಾಹಕನು ಅದೇ ವರ್ಷ ತೆಗೆದನು. ಮಕ್ಕಳ ಕಥೆಗಳಿಂದ ಪ್ರಸಿದ್ಧನಾದ ಲೂಯಿಸ್ ಕ್ಯಾರೊಲ್ ಆಗ ಆಕ್ಸ್‌ಫರ್ಡಿನಲ್ಲಿ ಗಣಿತದ ಉಪಾಧ್ಯಾಯನಾಗಿದ್ದವನು. ಅವನು 1856ನೆಯ ಜೂನ್ 16ನೆಯ ತಾರೀಖು ಈ ಆಟವನ್ನು ನೋಡಿ ಬಾಲಕನ ಪಾತ್ರದ ಹುಡುಗಿಯನ್ನು ದಿನಚರಿಯಲ್ಲಿ ಮೆಚ್ಚಿ ಬರೆದುಕೊಂಡನು. ಮುಂದಿನ ದಿನಗಳಲ್ಲಿ ಕೆಲವು ಲೇಖಕರು ಆಕೆಯು ಇದಕ್ಕಿಂತಲೂ ಹಿಂದೆಯೇ ರಾಜಕುಮಾರನೊಬ್ಬನ ಪಾತ್ರವನ್ನು ಮಾಡಿದ್ದಳೆಂದು ವಾದಿಸಿದರು. ಆಕೆಯು ಅದನ್ನು ಒಪ್ಪಲಿಲ್ಲ. ತನ್ನ ಹುಟ್ಟಿದ ವರ್ಷವನ್ನೇ ತಪ್ಪಾಗಿ ತಿಳಿದಿದ್ದವಳ ಜ್ಞಾಪಕವನ್ನು ಮಾತ್ರ ನಂಬಿದರೆ ಸಾಲದೆಂದು ಯಾರಾದರೂ ಹೇಳಿಯಾರು; ಆದರೆ ಪತ್ರಿಕೆಯೂ ಪಟವೂ ದಿನಚರಿಯೂ ಒಂದೇ ಮಾತನ್ನು ಹೇಳುತ್ತಿರುವಾಗ ನಾವು ಆಕೆಯ ಪಕ್ಷವನ್ನೇ ವಹಿಸುತ್ತೇವೆ.

ಅದೇ ವರ್ಷ ಅಕ್ಟೋಬರ್ 15ನೆಯ ತಾರೀಖು ಕೀನನು ನಡುಬೇಸಗೆಯ ರಾತ್ರಿಯ ಕನಸು ಎಂಬ ಆಟವನ್ನು ತೆರೆದನು. ಅದರಲ್ಲಿ ಎಲೆನಳು ಪಕ್ ಎಂಬ ತುಂಟ ಯಕ್ಷನಾದಳು. ಆಟದ ಕೊನೆಗೆ ನೆಲದ ಬಾಗಿಲಿನಿಂದ ಮೇಲಕ್ಕೆ ಬಂದು ಕಡೆಯ ಮಾತುಗಳನ್ನು ಆಡಬೇಕು. ಒಂದು ರಾತ್ರಿ ಆಕೆಯು ಪೂರ್ತಿ ಮೇಲಕ್ಕೆ ಬರುವುದಕ್ಕೆ ಮುಂಚೆಯೇ ಕೆಳಗಿನವನು ಬಾಗಿಲನ್ನು ಮುಚ್ಚಿದನು. ಕಾಲಿನ ಹೆಬ್ಬೆರಳು ಸಿಕ್ಕಿ ಮುರಿಯಿತು. ಹುಡುಗಿಯು ಕೂಗಿಕೊಂಡಳು. ರಂಗದ ಮೇಲಿದ್ದ ಕೀನನ ಹೆಂಡತಿಯು, ಆಟವನ್ನು ಮುಗಿಸಿದರೆ ಸಂಬಳವನ್ನು ಎರಡರಷ್ಟು ಮಾಡುವೆನೆಂದು ಕಿವಿಯಲ್ಲಿ ಹೇಳಿದಳು. ಎಲೆನಳು ನೋವಿನಿಂದ ತಡವರಿಸುತ್ತ ಹೇಗೋ ಆ ಮಾತುಗಳನ್ನು ಮುಗಿಸಿದಳು. ವಾರಕ್ಕೆ 15 ಷಿಲ್ಲಿಂಗುಗಳಿದ್ದ ಸಂಬಳವು 30 ಷಿಲ್ಲಿಂಗಾಯಿತು. ಪಕ್ ಎಂಬ ಹೆಸರಿನ ಎದುರಿಗೆ ಈ ಹುಡುಗಿಯ ಹೆಸರುಳ್ಳ ಹಾಳೆಯನ್ನು ನೋಡುವವರು, ಅಂದಿನ ಮಕ್ಕಳು ಈ ಕಸಬಿನಲ್ಲಿ ಏನನ್ನು ತೆತ್ತರೆಂಬುದನ್ನೂ ನೆನೆಯಬೇಕು. ಹೊಸ ಆಟವನ್ನು ಸಿದ್ಧಪಡಿಸುವಾಗ ಅಭ್ಯಾಸವು ರಾತ್ರಿಯೆಲ್ಲ ನಡೆದು ಬೆಳಗಿನ ಜಾವದ ನಾಲ್ಕೈದು ಗಂಟೆಯಾಗುತ್ತಿದ್ದಿತು. ಮಕ್ಕಳು ಎಲ್ಲೆಂದರಲ್ಲಿ ನಿದ್ದೆಹೋಗುತ್ತಿದ್ದರು. ಇಂದು ನಮ್ಮ ಕಣ್ಣಿಗೆ ಅದು ಕ್ರೌರ್ಯವೇ ಸರಿ. ಆಕೆಯಾದರೋ ಆ ದಿನಗಳನ್ನು ಕುರಿತು ದೂರಿಕೊಂಡು ಬರೆದವಳಲ್ಲ.

1858ರಲ್ಲಿ ವೆನಿಸಿನ ವ್ಯಾಪಾರಿಯನ್ನು ಆಡಿದಾಗ ಆಕೆಯು ಪಾರಿವಾಳಗಳ ಬುಟ್ಟಿಯನ್ನು ಹೊತ್ತು ರಂಗದ ಮೇಲೆ ನಡೆದುಹೋಗುವ ಹುಡುಗನಾಗಿದ್ದಳು, ಮಾತಿಲ್ಲದ ಪಾತ್ರ. ಅದೇ ವರ್ಷ ಅಕ್ಟೋಬರ್ ತಿಂಗಳಲ್ಲಿ ಜಾನ್ ದೊರೆಯ ಆಟದಲ್ಲಿ ಆರ್ಥರ್ ರಾಜಕುಮಾರನ ದೊಡ್ಡ ಪಾತ್ರವು ದೊರೆಯಿತು. ಅಭ್ಯಾಸದಲ್ಲಿ ಎಷ್ಟು ಹೇಳಿಕೊಟ್ಟರೂ ಸರಿಬರದಿರಲು ಕೀನನ ಹೆಂಡತಿಯು ಕೋಪಿಸಿಕೊಂಡಳು. ಹುಡುಗಿಯು ಅವಮಾನದಿಂದ ಕಣ್ಣೀರು ಸುರಿಸುತ್ತ ಮಾತುಗಳನ್ನು ಹೇಳಿದಾಗ, ಬೇಕಾದದ್ದು ಅದೇ, ರಾತ್ರಿಯೂ ಹಾಗೆಯೇ ಮಾಡೆಂದು ಆಕೆಯೇ ಸಂತೋಷಪಟ್ಟಳು. ನಿಜವಾಗಿ ಅಳುವುದಕ್ಕೂ ಬೇಕೆಂದಾಗ ಅಳುವುದಕ್ಕೂ ಇರುವ ಅಂತರವನ್ನು ಎಲೆನಳು ಹತ್ತು ಹನ್ನೊಂದು ವರ್ಷದವಳಾಗಿದ್ದಾಗಲೇ ಕಲಿಯತೊಡಗಿದಳು. ಹೆಸರಿಲ್ಲದ ಪಾರಿವಾಳದ ಹುಡುಗನ ಪಾತ್ರವನ್ನೂ ಹೆಸರುಳ್ಳ ಆರ್ಥರನ ಪಾತ್ರವನ್ನೂ ಮಾಡಿದವಳು ಒಬ್ಬಳೇ ಎಂದು ತಿಳಿದರೆ, ಪತ್ರಿಕೆಯಲ್ಲಿ ಹೆಸರಿಲ್ಲದಿರುವುದು ಆಡಲಿಲ್ಲವೆಂಬುದಕ್ಕೆ ಪ್ರಮಾಣವಲ್ಲವೆಂಬುದೂ ತಿಳಿಯುವುದು.

1859ರಲ್ಲಿ ಕೀನ್ ದಂಪತಿಗಳು ಪ್ರಿನ್ಸೆಸ್ ನಾಟಕಶಾಲೆಯನ್ನು ಬಿಟ್ಟರು. ಅಲ್ಲಿಂದ ಮುಂದೆ ಸಂಗ್ರಾಹಕನು ದೇಶವೆಲ್ಲ ಅಲೆಯಬೇಕು. ಕೇಟ್ ಮತ್ತು ಎಲೆನ್ ಅಕ್ಕತಂಗಿಯರಿಬ್ಬರೇ ಎಲ್ಲ ವೇಷಗಳನ್ನೂ ಧರಿಸುವ ಎರಡು ಚಿಕ್ಕ ಆಟಗಳನ್ನು ಕಟ್ಟಿಕೊಂಡು ತಂದೆಯು ಊರೂರು ತಿರುಗಿದನು. ವೈಟ್ ದ್ವೀಪದ ರೈಡ್ ಎಂಬ ಚಿಕ್ಕ ಊರಿನಲ್ಲಿ ಬೇಸಗೆಯ ಆಟಗಳು ಬೇರೆ. ಅಲ್ಲಿ ಆಕೆಯು ಕಿವುಡನಾದ ಛತ್ರದ ಆಳಿನ ಹಾಸ್ಯಪಾತ್ರವನ್ನು ಮಾಡಿ ಜನರನ್ನು ನಗಿಸಿದಳು. 1861ರಲ್ಲಿ ಲಂಡನಿನ ರಾಯಲ್ಟಿ ನಾಟಕಶಾಲೆಯಲ್ಲಿ ಆಲ್ಬಿನಾ ಡಿ ರೋನಾ ಎಂಬ ಫ್ರೆಂಚ್ ನಟಿಯ ಕೈಕೆಳಗೆ ಸೇರಿ, ಕೊರಳಿಗೆ ಹಾವು ಸುತ್ತಿಕೊಂಡು ಕಿರುಚುತ್ತ ಬರುವ ಪಾತ್ರವನ್ನು ವಹಿಸಿದಳು. ಬಳಿಕ ಬ್ರಿಸ್ಟಲ್. 1863ರ ಮಾರ್ಚ್ ತಿಂಗಳಲ್ಲಿ ಬಾತ್ ಪಟ್ಟಣದ ಹೊಸ ನಾಟಕಶಾಲೆಯ ಪ್ರಾರಂಭದಲ್ಲಿ, ಹಿಂದೆ ಪಕ್ ಆಗಿದ್ದ ಅದೇ ಆಟದಲ್ಲಿ ಯಕ್ಷಿಯರ ರಾಣಿಯಾದಳು. ಊರಿನ ಮುದ್ರಣಾಲಯಗಳಲ್ಲಿ ಅಚ್ಚಾದ ಈ ಹಾಳೆಗಳನ್ನು ನಾವು ಲೈಸಿಯಮ್ಮಿನ ಅಂದವಾದ ಪ್ರೋಗ್ರಾಮುಗಳಿಗಿಂತ ಹೆಚ್ಚಾಗಿ ಎಣಿಸುತ್ತೇವೆ. ಲೈಸಿಯಮ್ಮಿನವನ್ನು ಕೀರ್ತಿಗಾಗಿ ಸಾವಿರಾರು ಜನರು ಇಟ್ಟುಕೊಂಡರು. ಹದಿನಾಲ್ಕು ಹದಿನೈದು ವರ್ಷದ ಒಬ್ಬ ಹುಡುಗಿಯ ಹೆಸರಿಗಾಗಿ ಬ್ರಿಸ್ಟಲಿನ ಹಾಳೆಯನ್ನು ಜೋಪಾನಮಾಡುವವರು ಯಾರು?

ಈ ಹಾಳೆಗಳಲ್ಲಿ ಟೆರಿ ಎಂಬ ಹೆಸರು ಕಂಡೊಡನೆ ಹಿಗ್ಗುವುದೂ ಅಪಾಯಕರ. 1867ರಲ್ಲಿ ವಿವಾಹವಾಗಿ ರಂಗವನ್ನು ಬಿಡುವವರೆಗೆ ಕೇಟಳೇ ತಂಗಿಗಿಂತ ಹೆಚ್ಚು ಹೆಸರಾದವಳು. 1870ರಲ್ಲಿ ಫ್ಲಾರೆನ್ಸಳೂ 1873ರಲ್ಲಿ ಮೇರಿಯನ್ನಳೂ ರಂಗಕ್ಕೆ ಬಂದರು. ಇನ್ನು ಕಾಲವನ್ನು ನಿರ್ಣಯಿಸುವ ವಿಷಯ. ಹಳೆಯ ಪತ್ರಿಕೆಗಳು ಅನೇಕವುಗಳಲ್ಲಿ ವಾರವೂ ತಾರೀಖೂ ಇದ್ದು ಇಸವಿಯೇ ಇರುವುದಿಲ್ಲ. ಇಂಥ ತಾರೀಖು ಇಂಥ ವಾರಕ್ಕೆ ಯಾವ ಯಾವ ವರ್ಷಗಳಲ್ಲಿ ಬಂದಿತೆಂದು ಪಂಚಾಂಗವನ್ನು ಲೆಕ್ಕಹಾಕಿ, ನಟರ ಹೆಸರುಗಳೊಡನೆ ಹೋಲಿಸಿ, ಇಸವಿಯನ್ನು ಗೊತ್ತುಮಾಡಬೇಕು. ಅಂದಿನ ಕೆಲವರು ಅಂಚುಗಳನ್ನು ಕತ್ತರಿಸಿ ಪುಸ್ತಕಗಳಿಗೆ ಅಂಟಿಸಿದ್ದರಿಂದ ಮೇಲ್ಭಾಗದ ತಾರೀಖೇ ಹೋಗಿಬಿಟ್ಟ ಹಾಳೆಗಳೂ ಉಂಟು. ಕತ್ತರಿಯನ್ನೂ ಗೋಂದನ್ನೂ ಹಿಡಿದ ಪ್ರೀತಿಯು ಗೆದ್ದಲಿಗಿಂತ ಹೆಚ್ಚು ಹಾನಿಯನ್ನು ಮಾಡುವುದುಂಟು.

1863ರ ಮಾರ್ಚಿಯಲ್ಲಿಯೇ ಎಲೆನಳು ಲಂಡನಿನ ಹೇಮಾರ್ಕೆಟ್ ನಾಟಕಶಾಲೆಗೆ ಬಂದಳು. ಅಲ್ಲಿ ಆಕೆಯು ಮಾಡಿದ ಪಾತ್ರಗಳಲ್ಲಿ ನಮ್ಮ ಅಮೆರಿಕದ ಬಂಧು ಎಂಬ ವಿನೋದನಾಟಕದ ಮೇರಿ ಮೆರೆಡಿತ್ ಒಂದು. 1865ನೆಯ ಇಸವಿ ಏಪ್ರಿಲ್ 14ನೆಯ ತಾರೀಖು ಅಮೆರಿಕದ ಅಧ್ಯಕ್ಷನಾದ ಅಬ್ರಹಾಂ ಲಿಂಕನನು ವಾಷಿಂಗ್ಟನ್ನಿನ ಫೋರ್ಡ್ ನಾಟಕಶಾಲೆಯಲ್ಲಿ ಗುಂಡೇಟು ತಿಂದದ್ದು ಇದೇ ಆಟವನ್ನು ನೋಡುತ್ತಿದ್ದಾಗ. ಆ ರಾತ್ರಿಯ ಪತ್ರಿಕೆಗೆ ಬೆಲೆಯೇರಲು, ಅದರ ನಕಲುಗಳು ಲೆಕ್ಕವಿಲ್ಲದಷ್ಟು ಅಚ್ಚಾದವು. ನೆನಪಿಗಾಗಿ ಮಾರಿದ ನಕಲುಗಳು ಕೆಲವು, ನಿಜವಾದುವೆಂದು ಮಾರಿದ ಮೋಸದವು ಕೆಲವು. ಹೇಮಾರ್ಕೆಟ್ಟಿನ ನಮ್ಮ ಹುಡುಗಿಯ ಹಾಳೆಗೆ ಅಂಥ ಭಯಂಕರವಾದ ಭಾಗ್ಯವು ಬರಲಿಲ್ಲ.

ಆ ಆಟವು ನಡೆಯುತ್ತಿರುವಾಗಲೇ, 1864ರ ಜನವರಿ ತಿಂಗಳಲ್ಲಿ, ಪತ್ರಿಕೆಯಿಂದ ಎಲೆನ್ ಟೆರಿಯ ಹೆಸರು ಮಾಯವಾಗುತ್ತದೆ. ಫೆಬ್ರವರಿ 20ನೆಯ ತಾರೀಖು ಆಕೆಯು ವಾಟ್ಸ್ ಎಂಬ ಪ್ರಖ್ಯಾತ ಚಿತ್ರಕಾರನನ್ನು ಮದುವೆಯಾದಳು. ಆಕೆಗೆ ಹದಿನೇಳು ತುಂಬಲು ಒಂದು ವಾರವಿದ್ದಿತು; ವರನಿಗೆ ನಾಲ್ವತ್ತಾರು. ಆತನು ಆಕೆಯ ಚಿತ್ರಗಳನ್ನು ಅತಿ ಮನೋಹರವಾಗಿ ಬರೆದನು. ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರನ್ ಎಂಬಾಕೆಯು ಆ ವರ್ಷವೇ ತೆಗೆದ ಛಾಯಾಚಿತ್ರವಾದರೋ ಗೋಡೆಗೆ ಒರಗಿ ನಿಂತ ವಿಷಣ್ಣಳಾದ ಹುಡುಗಿಯನ್ನು ತೋರಿಸುತ್ತದೆ. ಒಂದು ವರ್ಷ ತುಂಬುವುದರೊಳಗೆ ಅವರು ಅಗಲಿದರು. ಆ ಮನೆಯಲ್ಲಿ ದೊಡ್ಡವರೆಲ್ಲ ಸೇರಿ ಮಗುವೊಂದಕ್ಕೆ ಮಾಡಿದ ಅನ್ಯಾಯವೆಂದೇ ನಾವು ಅದನ್ನು ಹೇಳುವೆವು. ಬಳಿಕ ಆಕೆಯು ರಂಗಕ್ಕೆ ಮರಳಿದರೂ ಮನಸ್ಸು ಅದರಲ್ಲಿರಲಿಲ್ಲ. 1867ನೆಯ ಡಿಸೆಂಬರ್ 26ನೆಯ ತಾರೀಖಿನ ಕ್ವೀನ್ಸ್ ನಾಟಕಶಾಲೆಯ ಪತ್ರಿಕೆಯು ಮಾತ್ರ ವಿಶೇಷವಾದುದು. ಕ್ಯಾಥರೀನ್ ಮತ್ತು ಪೆಟ್ರೂಷಿಯೊ ಎಂಬ ಆಟದಲ್ಲಿ ಎಲೆನ್ ಟೆರಿಯ ಹೆಸರೂ ಹೆನ್ರಿ ಇರ್ವಿಂಗನ ಹೆಸರೂ ಒಂದೇ ಹಾಳೆಯಲ್ಲಿ ಮೊದಲ ಸಲ ಕೂಡಿಬಂದುವು. ಅಂದು ಅದನ್ನು ಯಾರೂ ಲಕ್ಷಿಸಲಿಲ್ಲ; ಅವರಿಬ್ಬರೂ ಒಬ್ಬರನ್ನೊಬ್ಬರು ವಿಶೇಷವಾಗಿ ಮೆಚ್ಚಲಿಲ್ಲ.

ಮರುವರ್ಷ ಆಕೆಯು ಮತ್ತೆ ಮರೆಯಾದಳು. ಈ ಸಲದ ಮರೆಯು ಆರು ವರ್ಷಗಳದು. ಗಾಡ್ವಿನ್ ಎಂಬ ವಾಸ್ತುಶಿಲ್ಪಿಯೊಡನೆ ಆಕೆಯು ಹರ್ಟ್‌ಫರ್ಡ್ ಪ್ರಾಂತದ ಹಳ್ಳಿಯಲ್ಲಿ ವಾಸಿಸಿದಳು. ವಾಟ್ಸನ ಬಂಧನವು ಕಾನೂನಿನಲ್ಲಿ ಬಿಡುಗಡೆಯಾಗದಿದ್ದುದರಿಂದ ಈ ಸಂಸಾರಕ್ಕೆ ವಿವಾಹವಿಧಿಯಿರಲಿಲ್ಲ. ಇದನ್ನು ನಾವು ಮುಚ್ಚಿಡುವುದೂ ಇಲ್ಲ, ಬೆಳೆಸುವುದೂ ಇಲ್ಲ. ಯಾರಿಗೂ ಹೇಳದೆ ಹೋದದ್ದರಿಂದ ಥೇಮ್ಸ್ ನದಿಯಲ್ಲಿ ಸಿಕ್ಕಿದ ಒಬ್ಬ ತರುಣಿಯ ಶವವನ್ನು ತಂದೆಯು ತನ್ನ ಮಗಳದೆಂದೇ ಗುರುತಿಸಿದನು. ತಾಯಿಯು ಹೋಗಿ ನೋಡಿ, ತೋಳಿನ ಮೇಲಿರಬೇಕಾದ ಮಚ್ಚೆಯಿಲ್ಲವೆಂದು ಕಂಡು, ತನ್ನ ಮಗಳಲ್ಲವೆಂದಳು. ಸುದ್ದಿಯನ್ನು ಕೇಳಿ ಎಲೆನಳು ತಾನು ಬದುಕಿರುವೆನೆಂದು ತೋರಿಸಲು ಲಂಡನಿಗೆ ಓಡಿಬಂದಳು. 1869ರಲ್ಲಿ ಎಡಿತ್ ಎಂಬ ಮಗಳೂ 1872ರಲ್ಲಿ ಎಡ್ವರ್ಡ್ ಗಾರ್ಡನ್ ಎಂಬ ಮಗನೂ ಹುಟ್ಟಿದರು. ಕಡೆಗೆ ಸಾಲಗಾರರ ಜಫ್ತಿಯವರು ಮನೆಯ ಬಾಗಿಲಿಗೆ ಬಂದರು. ಆಗ ಒಂದು ದಿನ ಹಳ್ಳಿಯ ದಾರಿಯಲ್ಲಿ ಆಕೆಯ ಬಂಡಿಯ ಗಾಲಿಯು ಕಳಚಿ ನಿಂತಿರಲು, ಬೇಟೆಗೆ ಬಂದಿದ್ದ ಚಾರ್ಲ್ಸ್ ರೀಡ್ ಎಂಬ ಗ್ರಂಥಕರ್ತನು ಕುದುರೆಯ ಮೇಲೆ ಬೇಲಿಯನ್ನು ಹಾರಿ ಬಂದು ಹಳೆಯ ಪರಿಚಯವನ್ನು ಕಂಡು ಬೆರಗಾದನು. ರಂಗಕ್ಕೆ ಮರಳಬೇಕೆಂದು ಒತ್ತಾಯಪಡಿಸಿದನು. ವಾರಕ್ಕೆ 40 ಪೌಂಡುಗಳನ್ನು ಕೊಟ್ಟರೆ ಬರುವೆನೆಂದು ಆಕೆಯು ಆಗದ ಮಾತನ್ನು ಆಡಿದಂತೆ ಆಡಿದಳು. ಅವನು ಒಪ್ಪಿದನು. 1874ರ ಫೆಬ್ರವರಿ ಕೊನೆಯಲ್ಲಿ ಆಕೆಯು ರಂಗಕ್ಕೆ ಮರಳಿದಳು. ಸಂಗ್ರಾಹಕನ ಪೆಟ್ಟಿಗೆಯಲ್ಲಿ 1868ರ ಹಾಳೆಯ ಮುಂದೆ 1874ರ ಹಾಳೆಯಿರುತ್ತದೆ. ನಡುವೆ ಏನೂ ಇಲ್ಲ. ಆ ಇಲ್ಲದ ಹಾಳೆಗಳಲ್ಲಿಯೇ ಆಕೆಯ ಅತ್ಯಂತ ಸುಖದ ಮತ್ತು ಅತ್ಯಂತ ಕಷ್ಟದ ದಿನಗಳೆರಡೂ ಇದ್ದುವು.

ಮುಂದಿನ ಕಥೆಯು ಎಲ್ಲರೂ ಬಲ್ಲದ್ದು. 1875ರ ಪೋರ್ಷಿಯಳಿಂದ ಕೀರ್ತಿಯು ನೆಲೆನಿಂತಿತು. 1878ನೆಯ ಡಿಸೆಂಬರ್ 30ನೆಯ ತಾರೀಖು ಇರ್ವಿಂಗನ ಲೈಸಿಯಮ್ಮಿನಲ್ಲಿ ಒಫೀಲಿಯಳಾದಳು. ಬೀಟ್ರಿಸ್, ಲೇಡಿ ಮ್ಯಾಕ್‌ಬೆತ್, ಇಮೋಜೆನ್ ಎಂದು ವರ್ಷಗಳು ಉರುಳಿದುವು. ಎಲ್ಲರೂ ಆಕೆಯಲ್ಲಿ ಕಾಣಬಯಸಿದ ರೊಸಲಿಂಡಳ ಪಾತ್ರವು ಮಾತ್ರ ಬರಲೇ ಇಲ್ಲ. 1906ನೆಯ ಜೂನ್ 12ನೆಯ ತಾರೀಖು ಡ್ರೂರಿ ಲೇನ್ ನಾಟಕಶಾಲೆಯಲ್ಲಿ ಆಕೆಯ ಐವತ್ತು ವರ್ಷಗಳ ಉತ್ಸವವು ನಡೆಯಿತು. ಅದಕ್ಕಿಂತ ನಮ್ಮ ಮನಸ್ಸನ್ನು ಸೆಳೆಯುವುದು ಅದೇ ವರ್ಷ ಸೆಪ್ಟೆಂಬರ್ ತಿಂಗಳ ಪತ್ರಿಕೆ. ಹಿಸ್ ಮೆಜೆಸ್ಟಿಸ್ ನಾಟಕಶಾಲೆಯಲ್ಲಿ ಮತ್ತೆ ಚಳಿಗಾಲದ ಕಥೆ. ಹಿಂದೆ ಮಮೀಲಿಯಸ್ ಎಂಬ ಮಗನಾಗಿದ್ದವಳು ಈಗ ಅವನ ತಾಯಿಯಾದ ಹರ್ಮಯನಿ ರಾಣಿ. 1856ರ ಹಾಳೆಯನ್ನೂ 1906ರ ಹಾಳೆಯನ್ನೂ ಪಕ್ಕ ಪಕ್ಕದಲ್ಲಿ ಇಟ್ಟು ನೋಡುವ ಭಾಗ್ಯವುಳ್ಳ ಸಂಗ್ರಾಹಕನಿಗೆ ಬೇರೆ ಜೀವನಚರಿತ್ರೆಯೇ ಬೇಡವೆಂದು ನಮಗೆ ತೋರುವುದು. 1925ರಲ್ಲಿ ಆಕೆಗೆ ಡೇಮ್ ಎಂಬ ಬಿರುದು ದೊರೆಯಿತು. ಅಷ್ಟರಲ್ಲಿ ಕಣ್ಣುಗಳೂ ಜ್ಞಾಪಕವೂ ಮಂದವಾಗಿದ್ದುವು. 1928ನೆಯ ಜುಲೈ 21ನೆಯ ತಾರೀಖು ಕೆಂಟ್ ಪ್ರಾಂತದ ಸ್ಮಾಲ್‌ಹೈತ್ ಎಂಬ ಹಳ್ಳಿಯ ತನ್ನ ಮನೆಯಲ್ಲಿ ತೀರಿಕೊಂಡಳು.

ಮಗಳಾದ ಎಡಿತ್ ಕ್ರೇಗಳು ಮರುವರ್ಷವೇ ಆ ಮನೆಯನ್ನು ತಾಯಿಯ ಸ್ಮಾರಕವನ್ನಾಗಿ ಮಾಡಿ, ವೇಷಗಳನ್ನೂ ಕಾಗದಗಳನ್ನೂ ಅಲ್ಲಿ ಜೋಡಿಸಿದಳು. 1939ರಲ್ಲಿ ಅದನ್ನು ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಒಪ್ಪಿಸಿದಳು. ಎಡಿತಳ ನಾಟಕಸಂಘದಲ್ಲಿದ್ದ ಗೇಬ್ರಿಯೆಲ್ ಎಂಥೋವನ್ ಎಂಬಾಕೆಯ ಹೆಸರನ್ನೂ ಇಲ್ಲಿ ಹೇಳದಿದ್ದರೆ ಕೃತಘ್ನತೆಯಾದೀತು. ಒಬ್ಬ ನಟಿಗಾಗಿಯಲ್ಲ, ಲಂಡನಿನ ಎಲ್ಲ ನಾಟಕಶಾಲೆಗಳ ಎಲ್ಲ ಹಾಳೆಗಳಿಗಾಗಿಯೂ ಈ ಮಹಿಳೆಯು ತನ್ನ ಹಣವನ್ನೂ ಆಯುಷ್ಯವನ್ನೂ ವೆಚ್ಚಮಾಡಿದಳು. ದೇಶಕ್ಕೊಂದು ನಾಟಕದ ಮ್ಯೂಸಿಯಮ್ ಬೇಕೆಂದು 1911ರಿಂದ ಕೇಳುತ್ತ ಬಂದಳು. ಕಸದ ಬುಟ್ಟಿಗೆ ಸಲ್ಲತಕ್ಕ ಕಾಗದಗಳಿಗೆ ಸ್ಥಳವೆಲ್ಲಿಯದೆಂಬ ಭಾವದಿಂದ ದೊಡ್ಡವರು ಹಿಂಜರಿದರು. ಕಡೆಗೆ 1924ರಲ್ಲಿ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನವರು 80,000ಕ್ಕೂ ಹೆಚ್ಚಿನ ಆಕೆಯ ಪತ್ರಿಕೆಗಳನ್ನು ಸ್ವೀಕರಿಸಿದರು. ಕೊಟ್ಟು ಕೈತೊಳೆದುಕೊಳ್ಳದೆ, ಆಕೆಯು ತಾನೇ ಅಲ್ಲಿಗೆ ಹೋಗಿ ಕುಳಿತು, ಸ್ವಂತ ಹಣದಿಂದ ಸಹಾಯಕರನ್ನಿಟ್ಟುಕೊಂಡು, 1950ರಲ್ಲಿ ಮರಣಹೊಂದುವವರೆಗೆ ಅವುಗಳನ್ನು ವಿಂಗಡಿಸುತ್ತ ಬಂದಳು. 1987ರಲ್ಲಿ ಕವೆಂಟ್ ಗಾರ್ಡನ್ನಿನಲ್ಲಿ ಪ್ರತ್ಯೇಕವಾದ ನಾಟಕದ ಮ್ಯೂಸಿಯಮ್ಮೂ ತೆರೆಯಿತು; 2007ರಲ್ಲಿ ಅದನ್ನು ಮುಚ್ಚಿದ್ದರಿಂದ ಆ ಸಂಗ್ರಹದ ಹೊಣೆಯು ಹಿಂದಿನಂತೆ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನದೇ ಆಯಿತು.

ಎಂಥೋವನ್ನಳು ಪತ್ರಿಕೆಗಳನ್ನು ಜೋಡಿಸಿದ್ದು ನಟರ ಹೆಸರಿನ ಕ್ರಮದಲ್ಲಿ ಅಲ್ಲ. ನಾಟಕಶಾಲೆಯ ಹೆಸರು, ಅದರೊಳಗೆ ತಾರೀಖು, ಇದೇ ಕ್ರಮ. ಎಲೆನ್ ಟೆರಿಯನ್ನು ಕಾಣಬೇಕೆಂದು ಹೋಗುವವರು ಆಕೆಯ ಹೆಸರನ್ನು ಹೇಳಿದರೆ ಸಾಲದು. ಪ್ರಿನ್ಸೆಸ್ ನಾಟಕಶಾಲೆಯೆಂದೂ 1856ನೆಯ ಇಸವಿಯೆಂದೂ ಹೇಳಬೇಕು. ಹಾಗೆ ಹೇಳಿದವರ ಮುಂದೆ ಬರುವ ಕಟ್ಟಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ದೊಡ್ಡ ಅಕ್ಷರಗಳಲ್ಲಿರುವ ಕೀನ್ ದಂಪತಿಗಳ ಹೆಸರು. ಹುಡುಗಿಯ ಹೆಸರನ್ನು ಬೆರಳಿಟ್ಟು ಹುಡುಕಬೇಕು.